ನೂರು ಮೀಟರಿನೊಳಗೆ

ಮನೆ ಮುಂದಿನ ಹುಲ್ಲಿನಲ್ಲಿ ನಾನು ಊರಿದ್ದ ಬೋರ್ಡು ನಾಲ್ಕೇ ದಿನಕ್ಕೆ ಮಾಯವಾಯಿತು. ದೊಡ್ಡದೇನಲ್ಲ. ಎರಡು ತಂತಿ ಕಾಲಿನ ಮೇಲೆ ಒಂದು ಹಸಿರು ಹಲಗೆ, ಮೆಷರ್ ಎಫ್‌ಗೆ ಹೌದು ಅನ್ನಿ, ಶಾಲೆ ಉಳಿಸಿ ಅಂತ ಅದರ ಮೇಲೆ ಇಂಗ್ಲಿಷಿನಲ್ಲಿ. ಅಕ್ಕಪಕ್ಕದವರ ಬೋರ್ಡುಗಳು ಇದ್ದಲ್ಲೇ ಇದ್ದವು. ದಾರಿಹೋಕ ಕಳ್ಳ ನಮ್ಮ ಮನೆಯದನ್ನೇ ಹುಡುಕಿಕೊಂಡು ಬಂದನೆ?

ನಾನು ನೋಡಿದ್ದು ಗಂಡನ ಮುಖ.

"ನನ್ನ ಯಾಕ ನೋಡ್ತಿ?" ಅಂದರು ಅಜಯ್, ಬಾಗಿಲಲ್ಲಿ ಶೂ ಬಿಚ್ಚುತ್ತ. "ನಾ ಮುಂಜಾನೆ ಆರಕ್ಕ ಮನೀ ಬಿಟ್ಟಾಂವ. ಬ್ರಿಜ್ ದಾಟಿ ಬರೂದ್ರಾಗ ಅರ್ಧಾ ಜೀವ ಹೋಗೇತಿ. ನಿನ್ನ ಹಲಗಿ ಕದಿಯಾಕ ಪುರಸೊತ್ತ ಎಲ್ಲೈತಿ?"

"ಕದ್ದಿದೀರ ಅಂದ್ನಾ ನಾನು?"

"ಅನ್ನಲಿಲ್ಲ. ನೋಡಿದಿ."

ಮೆಷರ್ ಎಫ್ ಅಂದರೆ ನಮ್ಮೂರಿನ ಸರ್ಕಾರಿ ಶಾಲೆಗಳಿಗೆ ಪ್ರತಿ ಮನೆಯಿಂದ ವರ್ಷಕ್ಕೆ ನೂರ ತೊಂಬತ್ತೆಂಟು ಡಾಲರ್ ತೆರಿಗೆ. ಆ ನವೆಂಬರಿನ ಚುನಾವಣೆಯಲ್ಲಿ ಅಧ್ಯಕ್ಷರ ಹೆಸರಿನ ಜೊತೆ ಅದೂ ಮತಕ್ಕೆ ಬಂದಿತ್ತು. ಪಾಸಾಗಲು ಮೂರರಲ್ಲಿ ಎರಡು ಪಾಲು ಮತ ಬೇಕು. ಆಗದಿದ್ದರೆ ಮೊದಲು ಹೋಗುವುದು ತರಗತಿ ಸಹಾಯಕಿಯರ ಕೆಲಸ ಅಂತ ಪ್ರಿನ್ಸಿಪಾಲರು ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು. ಮಾತು ಬಾರದ, ತಾವೇ ತುತ್ತು ಎತ್ತಲಾರದ ಒಂಬತ್ತು ಮಕ್ಕಳ ತರಗತಿಯಲ್ಲಿ ನಾನು ಏಳು ವರ್ಷದಿಂದ ಸಹಾಯಕಿ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಮನೆಯವರೆಲ್ಲರ ಆರೋಗ್ಯ ವಿಮೆ ಅದರ ಮೇಲೆ ನಿಂತಿತ್ತು. ಅಜಯ್ ಕೆಲಸ ಮಾಡುವುದು ರೆಡ್‌ವುಡ್ ಸಿಟಿಯ ಒಂದು ಸಣ್ಣ ಕಂಪನಿಯಲ್ಲಿ. ಅಲ್ಲಿ ವಿಮೆಯೂ ಅಷ್ಟಕ್ಕಷ್ಟೇ, ಕೆಲಸದ ಭರವಸೆಯೂ ಅಷ್ಟಕ್ಕಷ್ಟೇ.

ಹಾಗಿದ್ದೂ ಅವರು ಮೆಷರ್ ಎಫ್‌ಗೆ ವಿರೋಧ. ರಾತ್ರಿ ಊಟಕ್ಕೆ ಕೂತರೆ ಅದೇ ಮಾತು.

"ಕೊರೊನಾದಾಗ ಒಂದು ವರ್ಷದ ಮ್ಯಾಲ ಶಾಲಿ ಬಾಗಲಾ ಹಾಕಿದ್ರು. ಆ ಕಡೆ ಪ್ರೈವೇಟ್ ಶಾಲಿ ನಡದಿದ್ವು, ಹೋಟೆಲ್ ತೆರದಿದ್ವು, ನಮ್ಮ ಹುಡುಗಿ ಕ್ಯಾಮೆರಾ ಬಂದ್ ಮಾಡಿ ಹಾಸಗ್ಯಾಗ ಮಲಗಿದ್ಲು. ಗಣಿತದಾಗ ಹಿಂದ ಬಿದ್ದಾಕಿ ಇನ್ನೂ ಎದ್ದಿಲ್ಲ. ಆವಾಗ ಬಾಗಲಾ ತೆಗೀಲಿಲ್ಲ, ಈಗ ರೊಕ್ಕಾ ಕೇಳಾಕ ಬರ್ತಾರ."

"ಡ್ಯಾಡ್, ಐ ಆ್ಯಮ್ ರೈಟ್ ಹಿಯರ್," ಅಂದಳು ನಿಸರ್ಗಾ. ಹದಿನೇಳು ವರ್ಷ, ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

"ಬಾಗಿಲು ಹಾಕಿದ್ದು ನಾನಾ?" ಅಂದೆ. "ನಾನು ಪಾರ್ಕಿಂಗ್ ಲಾಟಲ್ಲಿ ಎರಡೆರಡು ಮಾಸ್ಕ್ ಹಾಕ್ಕೊಂಡು ಕಾರಿನ ಕಿಟಕಿಗೆ ಮಕ್ಕಳ ಊಟದ ಚೀಲ ಕೊಡ್ತಿದ್ದೆ. ಲಸಿಕೆ ಇನ್ನೂ ಬಂದಿರ್ಲಿಲ್ಲ."

"ನಿನಗ ಅನ್ನಲಿಲ್ಲ."

"ಈ ಮನೇಲಿ ಸ್ಕೂಲಿಂದ ಸಂಬಳ ತರೋದು ಇನ್ಯಾರು?"

"ಕೆಲಸಾ ತೆಗಿಯೂದಿಲ್ಲ ತೇಜು. ಹೆದರಸ್ತಾರ ಅಷ್ಟ. ಪ್ರತಿ ಸಲ ಇದ ನಾಟಕ. ಮತ್ತ ನೋಡು, ಗುಡ್ಡದ ಮ್ಯಾಲ ದ್ರಾಕ್ಷಿ ತೋಟದ ನಡುವ ಅರಮನಿ ಕಟ್ಟಿಸ್ಯಾನಲ್ಲ, ಅವಗೂ ನೂರಾ ತೊಂಬತ್ತೆಂಟು, ನನಗೂ ನೂರಾ ತೊಂಬತ್ತೆಂಟು. ಇದ್ಯಾವ ನ್ಯಾಯ?"

"ಸಾಹುಕಾರರ ಮೇಲೆ ಜಾಸ್ತಿ ಹಾಕ್ಬೇಕು ಅಂದ್ರೂ ನೀವು ಬೇಡ ಅಂತೀರಲ್ಲ."

"ಅದು ಬ್ಯಾರೆ. ಇವತ್ತ ಅವರ ಮನೀಗೆ ಹೋದಾಂವ ನಾಳೆ ನಮ್ಮ ಮನೀಗೆ ಬರ್ತಾನ."

"ರೊಟ್ಟಿ ಆರಾಕತ್ತಾವು," ಅಂದರು ಅತ್ತೆ. ಈ ಜಗಳದಲ್ಲಿ ಅವರು ಆಡಿದ್ದು ಅಷ್ಟೇ.

ಅತ್ತೆ ನೀಲಾಬಾಯಿ ಗದಗ ಜಿಲ್ಲೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಅಕ್ಕೋರಾಗಿದ್ದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದಾರೆ. ಆ ವರ್ಷ ಬೇಸಗೆಯಲ್ಲಿ ಪೌರತ್ವದ ಪರೀಕ್ಷೆಗೆ ಕೂತು, ಪಾಸಾಗಲು ಬೇಕಾದ ಆರು ಪ್ರಶ್ನೆಗೂ ಸರಿಯಾಗಿ ಉತ್ತರ ಹೇಳಿ, ಏಳನೆಯದನ್ನು ಯಾಕೆ ಕೇಳಲಿಲ್ಲ ಅಂತ ಅಧಿಕಾರಿಯನ್ನೇ ಕೇಳಿ ಬಂದಿದ್ದರು. ಈ ದೇಶದಲ್ಲಿ ಅದು ಅವರ ಮೊದಲ ಓಟು.

ಶನಿವಾರ ಅಜಯ್ ಕಾರು ತೊಳೆಯಲು ಹೋದವರು ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಬಂದರು.

"ಯಾರ ಕೆಲಸಾ ಇದು?"

ಕಾರಿನ ಹಿಂದೆ ಅವರು ಅಂಟಿಸಿದ್ದ, ಹೊಸ ತೆರಿಗೆ ಬೇಡ ಅನ್ನುವ ಸ್ಟಿಕ್ಕರು ಇರಲಿಲ್ಲ. ಅಂಟಿನ ಮಸುಕು ಕಲೆ ಮಾತ್ರ ಇತ್ತು. ಅಚ್ಚುಕಟ್ಟಾದ ಕೆಲಸ, ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಬೋರ್ಡಿಗೆ ಬದ್ಲಿ ತೀರಿಸ್ಕೊಂಡಿ," ಅಂದರು.

"ನನಗೆ ಗೊತ್ತೇ ಇಲ್ಲ."

"ಹೌದಪ. ಈ ಮನ್ಯಾಗ ಯಾರಿಗೂ ಏನೂ ಗೊತ್ತಿಲ್ಲ."

ಮೂರು ದಿನ ನಾವು ನಿಸರ್ಗಾಳ ಮೂಲಕ ಮಾತಾಡಿದೆವು. ಹಾಲು ಮುಗಿದಿದೆ ಅಂತ ನಿಮ್ಮ ಅಪ್ಪನಿಗೆ ಹೇಳು. ಗೊತ್ತೈತಿ ಅಂತ ನಿಮ್ಮ ಅವ್ವಗ ಹೇಳು. ಕೊನೆಗೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತಟ್ಟೆ ಎತ್ತಿಕೊಂಡು ಮಹಡಿಗೆ ಹೋದಳು.

ಇಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ತುಂಬಿ, ಲಕೋಟೆಯ ಮೇಲೆ ಸಹಿ ಹಾಕಿ, ಲೈಬ್ರರಿ ಮುಂದಿನ ಪೆಟ್ಟಿಗೆಗೆ ಹಾಕಿದರೆ ಆಯಿತು. ನಮ್ಮ ಮನೆಯಲ್ಲಿ ಅದಕ್ಕೊಂದು ಪದ್ಧತಿ. ಅಕ್ಟೋಬರಿನ ಕೊನೆಯ ಭಾನುವಾರ ತಿಂಡಿ ಆದ ಮೇಲೆ ಡೈನಿಂಗ್ ಟೇಬಲ್ ಒರೆಸಿ ಎಲ್ಲರೂ ಕೂರುವುದು, ಅಜಯ್ ಫೋನು ನೋಡಿ ಒಂದೊಂದನ್ನೇ ಓದುವುದು. ಲಿವರ್‌ಮೋರಿನ ದೇವಸ್ಥಾನದಲ್ಲಿ ಪರಿಚಯವಾದ ಗೆಳೆಯರ ವಾಟ್ಸಾಪ್ ಗುಂಪಿದೆ. ಅದರಲ್ಲಿ ಕೆಂಪರಾಜು ಅನ್ನುವವರು ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಅಂತ ಪಟ್ಟಿ ಮಾಡಿ ಕಳಿಸುತ್ತಾರೆ. ನನಗೆ ಮೊದಲಿನ ವರ್ಷಗಳಲ್ಲಿ ಅದು ಅನುಕೂಲವೇ ಆಗಿತ್ತು. ನ್ಯಾಯಾಧೀಶರು, ನೀರಿನ ಮಂಡಳಿ, ಪಾರ್ಕಿನ ಮಂಡಳಿ, ಇವರೆಲ್ಲ ಯಾರು ಅಂತ ಓದಿಕೊಂಡು ಕೂರಲು ಯಾರಿಗೆ ಹೊತ್ತಿದೆ.

ಆ ಭಾನುವಾರ ಅತ್ತೆ ಅವಲಕ್ಕಿ ತಟ್ಟೆ ತೊಳೆದಿಟ್ಟು, ಗ್ಯಾರೇಜಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದು, ಒಂದು ಬದಿ ಕತ್ತರಿಸಿ ಟೇಬಲ್ಲಿನ ತುದಿಯಲ್ಲಿ ನಿಲ್ಲಿಸಿದರು.

"ಇದೇನವ್ವ?" ಅಂದರು ಅಜಯ್.

"ಮರೆ."

"ಮನ್ಯಾಗ ಎಂಥಾ ಮರೆ? ನಾವ ನಾಕ ಮಂದಿ."

"ಮನ್ಯಾಗ ಓಟ ಹಾಕಿದ್ರ ಮನೀನ ಬೂತ್. ಮರೆ ಬೇಕ."

ನಿಸರ್ಗಾ ಹೆಡ್‌ಫೋನ್ ತೆಗೆದು ಫೋಟೋ ಹಿಡಿಯಲು ಹೋದಳು. "ಬೂತಿನ್ಯಾಗ ಫೋಟೋ ತೆಗಿಯಾಂಗಿಲ್ಲ," ಅಂತ ಅತ್ತೆ ಅವಳ ಫೋನು ತೆಗೆದು ಹಣ್ಣಿನ ಬುಟ್ಟಿಯಲ್ಲಿಟ್ಟರು.

ಅಜಯ್ ಓದುತ್ತಾ ಹೋದರು. ಅಧ್ಯಕ್ಷರ ಸಾಲು ಬಂದಾಗ ಅವರು ನನ್ನ ಕೈ ನೋಡಿದರು, ನಾನು ಅವರ ಕೈ ನೋಡಿದೆ. ಇಬ್ಬರೂ ಅಂಗೈ ಅಡ್ಡ ಇಟ್ಟೆವು. ಒಂದೊಂದು ಸಾಲಿಗೂ ರಟ್ಟಿನ ಹಿಂದಿನಿಂದ ಅತ್ತೆ "ಹೂಂ" ಅನ್ನುತ್ತಿದ್ದರು.

"ಮೆಷರ್ ಎಫ್. ನೋ."

"ಹೂಂ."

ನಾನು ಹೌದು ಅನ್ನುವುದರ ಎದುರಿನ ವೃತ್ತಕ್ಕೆ ಮಸಿ ತುಂಬಿದೆ, ಅಜಯ್‌ಗೆ ಕಾಣುವ ಹಾಗೇ. ಆದರೆ ಕಿವಿಯಲ್ಲಿ ಅತ್ತೆಯ ಆ ಹೂಂ ಇನ್ನೂ ಇತ್ತು. ದಿನಾ ಸಂಜೆ ನಾನು ತರಗತಿಯ ಮಕ್ಕಳ ಕತೆ ಹೇಳುವಾಗ ಎಷ್ಟು ಕಿವಿಗೊಟ್ಟು ಕೇಳುತ್ತಿದ್ದರು. ಮಗ ಓದಿದ ಕೂಡಲೇ ಹೂಂ.

"ತೋರಸವ್ವ, ತಪ್ಪಾಗೇತೇನ ನೋಡ್ತೀನಿ."

"ಮಡಚೇನಿ," ಅಂದರು ಅತ್ತೆ. ಲಕೋಟೆಗೆ ಹಾಕಿ ಅಂಟಿಸಿ, ಹಿಂದುಗಡೆ ದುಂಡಗೆ ಕನ್ನಡದಲ್ಲಿ ಸಹಿ ಮಾಡಿದರು. ಲೈಬ್ರರಿಗೆ ಹೋದಾಗ ಕಾರಿನಿಂದ ತಾವೇ ಇಳಿದು ಪೆಟ್ಟಿಗೆಗೆ ಹಾಕಿ, ಒಳಗೆ ಬಿದ್ದ ಸದ್ದು ಕೇಳಿಸಿಕೊಂಡು ಬಂದರು.

ಮಾರನೇ ವಾರ ಅಕ್ಕಿ ಮುಗಿದಿತ್ತು. ಗ್ಯಾರೇಜಿನಲ್ಲಿ ಹೊಸ ಚೀಲ ಎಳೆದರೆ ಅದರ ಹಿಂದೆ ನನ್ನ ಬೋರ್ಡು. ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿತ್ತು.

"ಅಜ್ಜಿ ಪುಟ್ ಇಟ್ ದೇರ್," ಅಂದಳು ನಿಸರ್ಗಾ. "ಐ ಥಾಟ್ ಯು ನ್ಯೂ."

ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಜಗಳ. ಬೆಳಿಗ್ಗೆ ಆರೂವರೆಗೆ ಬುತ್ತಿ ಕಟ್ಟಿ ಕೊಡುವ ಕೈಯ ಜೊತೆ ಜಗಳವಾಡಿ ನಾನು ಏಳೂಕಾಲಿಗೆ ಶಾಲೆ ಸೇರುವುದು ಹೇಗೆ? ಬೋರ್ಡನ್ನು ಇದ್ದ ಹಾಗೇ ಬಿಟ್ಟೆ. ಮಗ ಹೇಳಿದ, ತಾಯಿ ಮಾಡಿದರು ಅಂತ ಲೆಕ್ಕ ಹಾಕಿಕೊಂಡೆ. ಏಳು ವರ್ಷ ಹಚ್ಚಿಕೊಂಡ ಕೆಲಸ ಇವರಿಬ್ಬರಿಗೂ ಒಂದು ಹಲಗೆಯಷ್ಟೂ ಅಲ್ಲ.

ಚುನಾವಣೆ ಮುಗಿಯಿತು. ಇಲ್ಲಿ ಎಣಿಕೆ ಒಂದು ರಾತ್ರಿಯ ಮಾತಲ್ಲ, ವಾರಗಟ್ಟಲೆ ನಡೆಯುತ್ತದೆ. ಅಧ್ಯಕ್ಷರ ವಿಷಯ ಇತ್ಯರ್ಥವಾಗಿ ಟೀವಿಯವರು ಬೇರೆ ಸುದ್ದಿಗೆ ಹೋದ ಮೇಲೂ ನಮ್ಮೂರಿನ ಮೆಷರ್ ಎಫ್ ತೂಗಾಡುತ್ತಿತ್ತು. ಸ್ಟಾಫ್ ರೂಮಿನಲ್ಲಿ ದಿನಾ ಸಂಜೆ ನಾಲ್ಕಕ್ಕೆ ಎಲ್ಲರ ಕೈಯಲ್ಲೂ ಫೋನು. ಒಂದು ದಿನ ಅರವತ್ತು ಮತ ಕಡಿಮೆ, ಮರುದಿನ ನಲವತ್ತಮೂರು.

ನಲವತ್ತಮೂರು ಆದ ದಿನವೇ ಕೌಂಟಿಯ ಚುನಾವಣಾ ಕಚೇರಿಯಿಂದ ಅತ್ತೆಯ ಹೆಸರಿಗೆ ಕಾಗದ ಬಂತು. ನಮ್ಮ ಬೀದಿಯ ಎಲ್ಲ ಮನೆಗಳ ಟಪಾಲು ಪೆಟ್ಟಿಗೆಗಳು ಮೂಲೆಯಲ್ಲಿ ಒಟ್ಟಿಗಿವೆ. ಶಾಲೆಯಿಂದ ಬರುತ್ತ ಬೀಗ ತೆಗೆದು ಟಪಾಲು ತರುವವಳು ನಾನು. ಕಾರಿನಲ್ಲೇ ಒಡೆದೆ. ಒಡೆಯಬಾರದಿತ್ತು. ಲಕೋಟೆಯ ಮೇಲಿನ ಸಹಿ ನಮ್ಮಲ್ಲಿರುವ ಸಹಿಗೆ ಹೊಂದುತ್ತಿಲ್ಲ, ಜೊತೆಗಿರುವ ಫಾರ್ಮಿಗೆ ಸಹಿ ಮಾಡಿ ಡಿಸೆಂಬರ್ ಒಂದರೊಳಗೆ ತಲುಪಿಸಿ, ಇಲ್ಲವಾದರೆ ನಿಮ್ಮ ಮತ ಎಣಿಸಲಾಗದು ಅಂತ ಬರೆದಿತ್ತು.

ನನಗೆ ಕೂಡಲೇ ಹೊಳೆಯಿತು. ಪೌರತ್ವದ ಪ್ರಮಾಣ ಮಾಡಿದ ದಿನ ಹೆಸರು ನೋಂದಾಯಿಸುವಾಗ ಅಜಯ್ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಮಾಡವ್ವ ಅಂದಿದ್ದರು, ಅವರು ಮಾಡಿದ್ದರು. ಲಕೋಟೆಯ ಮೇಲೆ ಮಾತ್ರ ಮೂವತ್ತೊಂದು ವರ್ಷ ಹಾಜರಿ ಪುಸ್ತಕದಲ್ಲಿ ಹಾಕಿದ ಸಹಿ ಹಾಕಿದ್ದರು.

ಒಂದು ನೋ ಕಡಿಮೆಯಾದರೆ ಯಾರ ಮನೆ ಮುಳುಗುತ್ತದೆ, ಅಂದುಕೊಂಡೆ.

ಅಡುಗೆಮನೆಯಲ್ಲಿ ಜೋಳದ ಹಿಟ್ಟಿನ ಡಬ್ಬಿ ಅತ್ತೆಯದು. ರಾಗಿ ಡಬ್ಬಿ ನನ್ನದು. ನಮ್ಮದು ಮಂಡ್ಯ ಕಡೆ. ಈ ಮನೆಯಲ್ಲಿ ರಾಗಿ ಮುಟ್ಟುವವಳು ನಾನೊಬ್ಬಳೇ. ಕಾಗದವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಿಟ್ಟಿನ ಅಡಿಗೆ ಸೇರಿಸಿದೆ.

ಆಮೇಲಿನ ದಿನಗಳಲ್ಲಿ ಅಜಯ್ ಸ್ವಲ್ಪ ಬೇರೆಯಾದರು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಎರಡು ದಿನ ಮೊದಲು ಅವರ ಪಕ್ಕದ ಟೇಬಲ್ಲಿನ ತಿರುಮಲೇಶನನ್ನು ಕಂಪನಿ ಮನೆಗೆ ಕಳಿಸಿತು. ಅವತ್ತು ಊಟದಲ್ಲಿ ಅವರು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡಿದ್ದರು.

"ನಿಮ್ಮ ಶಾಲಿ ಇನ್ಶೂರೆನ್ಸ್‌ನಾಗ ನಮ್ಮೆಲ್ಲಾರ ಹೆಸರೂ ಐತಲ್ಲ?"

"ಏಳು ವರ್ಷದಿಂದ ಇದೆ."

"ಹಂಗ ಕೇಳಿದೆ." ರೊಟ್ಟಿಯ ತುಂಡು ತಟ್ಟೆಗೆ ಇಟ್ಟು, "ಎಫ್ ಎಷ್ಟಕ್ಕ ಬಂತು?"

"ಯಾಕೆ, ನಿಮ್ಮ ಕೆಂಪರಾಜು ಹೇಳ್ಲಿಲ್ವಾ?"

ಅವರು ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಎದ್ದರು. ಅವರ ಆ ಪ್ರಶ್ನೆಯಲ್ಲೂ ನನಗೆ ಏನೋ ಹೂಟ ಕಂಡಿತು. ಆ ತಿಂಗಳು ನನ್ನ ಕಣ್ಣಿಗೆ ಎಲ್ಲದರಲ್ಲೂ ಹೂಟವೇ ಕಾಣುತ್ತಿತ್ತು. ದಿನಾ ಬೆಳಿಗ್ಗೆ ರಾಗಿ ಡಬ್ಬಿ ಕಣ್ಣಿಗೆ ಬೀಳುತ್ತಿತ್ತು. ತೆಗೆಯಲಿಲ್ಲ. ಮುದ್ದೆ ತಿನ್ನುವುದನ್ನೂ ಬಿಟ್ಟೆ.

ಡಿಸೆಂಬರ್ ಒಂದು ಕಳೆಯಿತು. ಮೂರನೇ ತಾರೀಕು ಕೊನೆಯ ಲೆಕ್ಕ ಬಂತು. ಮೂರರಲ್ಲಿ ಎರಡು ಪಾಲಿಗೆ ಒಂಬತ್ತು ಮತ ಕಡಿಮೆ. ಮೆಷರ್ ಎಫ್ ಬಿತ್ತು.

ಅವತ್ತು ಸಂಜೆ ಅತ್ತೆ ವಾಕಿಂಗ್ ಮುಗಿಸಿ ಬಂದವರು ಮೊಮ್ಮಗಳನ್ನು ಊಟದ ಟೇಬಲ್ಲಿಗೆ ಕರೆದರು. ಜೊತೆಗೆ ನಡೆಯುವ ಬೋರಮ್ಮ ಹಿಂದಿನ ಬೀದಿಯವರು. "ಬೋರಮ್ಮನ ಫೋನಿಗೆ ಬಂದೈತಂತ, ನಿಮ್ಮ ಓಟ ಎಣಿಕಿ ಆತು ಅಂತ. ನನಗ ಬಂದಿಲ್ಲ. ನೋಡು, ಫೋನಿನ್ಯಾಗ ಅದಕ್ಕೊಂದು ಜಾಗಾ ಐತಂತ."

ನಿಸರ್ಗಾ ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಫೋನು ಒತ್ತಿದಳು. "ಅಜ್ಜಿ, ಇಟ್ ಸೇಸ್ ನಾಟ್ ಕೌಂಟೆಡ್. ಸಹಿ ಪ್ರಾಬ್ಲಮ್. ದೇ ಸೆಂಟ್ ಯು ಅ ಲೆಟರ್. ನವೆಂಬರ್ ಫೋರ್ಟೀನ್."

ಅಜಯ್ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು.

"ಟಪಾಲು ತರಾಕಿ ನೀನ ಅಲ್ಲ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಉದ್ದ ನೋಟವಲ್ಲ. ಪಾಟಿ ತರದೆ ಬಂದ ಹುಡುಗಿಯನ್ನು ನೋಡುವ ಹಾಗೆ.

"ಬಂದಿತ್ತು," ಅಂದರು ಮಗನಿಗೆ. "ನಾನ ಎಲ್ಲೋ ಇಟ್ಟು ಮರತೆ."

"ನೀ ಮರಿಯೂದು? ನನ್ನ ಎರಡನೇತ್ತೆ ಮಾರ್ಕು ಇನ್ನೂ ಹೇಳ್ತಿ."

"ವಯಸ್ಸಾತು."

ಅಜಯ್ ಭುಜ ಕುಣಿಸಿದರು. "ಹೋಗ್ಲಿ ಬಿಡು. ಹೆಂಗೂ ಬಿತ್ತು. ಒಂದು ನೋ ಕಡಿಮಿ ಆತು, ಅಷ್ಟ."

"ನೋ ಅಂತ ನಿನಗ ಯಾರು ಹೇಳಿದ್ರು?"

"ನೀನ ಹೂಂ ಅಂದ್ಯಲ್ಲವ್ವ."

"ನೀ ಓದಿದ್ದು ಕೇಳಸ್ತು ಅಂತ ಹೂಂ ಅಂದೆ. ಬೂತಿನ್ಯಾಗ ಕುರುಡರಿಗೆ ಓದಿ ಹೇಳ್ತಾರ. ಓದಿದಾಂವ ಹೇಳಿದಂಗ ಹಾಕಬೇಕಂತ ಎಲ್ಲೈತಿ?" ಅಂದು ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. "ಉಣ್ಣು."

ಮರುದಿನ ಬೆಳಿಗ್ಗೆ ಅಜಯ್ ಹೊರಟ ಮೇಲೆ ನಾನು ಬುತ್ತಿ ಡಬ್ಬಿ ಮುಚ್ಚುತ್ತಿದ್ದೆ. ಅತ್ತೆ ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದರು.

"ಈ ಮನ್ಯಾಗ ನಾ ತೆಗೀಲಾರದ ಡಬ್ಬಿ ಒಂದ ಐತಿ," ಅಂದರು.

ನಾನು ರಾಗಿ ಡಬ್ಬಿ ಇಳಿಸಿದೆ. ಕೈ ಹಾಕಿ ಕಾಗದ ತೆಗೆದುಕೊಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಪ್ಲಾಸ್ಟಿಕ್ಕಿನ ಮೇಲಿನ ಹಿಟ್ಟು ಝಾಡಿಸಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ನಾನೇ ಒಲೆ ಆರಿಸಿದೆ.

"ಅತ್ತೆ, ನನ್ನ ಬೋರ್ಡು ನೀವು ತಾನೆ ಮುಚ್ಚಿಟ್ಟಿದ್ದು? ಅದಕ್ಕೇ ನಾನು..."

"ನಾನ ಇಟ್ಟೆ. ಅಂಚ್ಯಾಗ ಓಟಿನ ಕಾಗದ ಬಂದ ದಿನಾನ ಇಟ್ಟೆ. ಮತ ಹಾಕೂ ಜಾಗದಿಂದ ನೂರು ಮೀಟರ್ ಒಳಗ ಪ್ರಚಾರ ಇರಬಾರದು. ಎಲೆಕ್ಷನ್ ಡ್ಯೂಟ್ಯಾಗ ಎಷ್ಟ ಬೂತಿನ ಮುಂದ ನಾನ ನಿಂತು ಬ್ಯಾನರ್ ಬಿಚ್ಚಸೇನಿ, ಶಾಸಕರ ತಮ್ಮನ ಜೊತಿ ಜಗಳಾಡೇನಿ. ನಿಂದೊಂದ ಅಲ್ಲ. ಅವನ ಕಾರಿನ ಚೀಟೀನೂ ಬಿಸಿನೀರು ಹಾಕಿ ಕೆರದೆ."

"ಹೇಳ್ಬೋದಿತ್ತಲ್ಲ ಅತ್ತೆ."

"ನೀ ಕೇಳಬಹುದಿತ್ತು."

ಹೊರಗೆ ಕಸದ ಲಾರಿ ಬಂದು ಪಕ್ಕದ ಮನೆಯ ಡಬ್ಬ ಎತ್ತಿ ಕೊಡವಿ ಹೋಯಿತು. ನನಗೆ ಹೊತ್ತಾಗುತ್ತಿತ್ತು. ಆದರೂ ಕೇಳಿದೆ.

"ನೀವು ಹೌದು ಅಂತ ಹಾಕಿದ್ರಾ?"

ಅತ್ತೆ ಕನ್ನಡಕ ತೆಗೆದರು. "ನಿಮ್ಮ ಮಾವಗೂ ಒಂದ ದಿನ ಹೇಳಿಲ್ಲ. ಅವರೂ ಕೇಳಲಿಲ್ಲ." ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಸೊಂಟಕ್ಕೆ ಸಿಗಿಸಿಕೊಂಡರು. "ನಿನ್ನ ಓಟ ನೀ ಹಾಕಿದಿ. ನಂದೂ ನೀನ ಹಾಕಿದಿ."

"ನಿನ್ನೆ ಅವರ ಮುಂದೆ ಯಾಕೆ ನನ್ನ ಕಾದ್ರಿ?"

"ಅವಗ ಹೇಳಿದ್ರ ಒಂದು ವರ್ಷ ಅದನ್ನ ಹಾಡ್ತಾನ. ಕೇಳಾಕ ನಾ ಇಲ್ಲೇ ಇರಬೇಕಲ್ಲ." ಒಲೆ ಹಚ್ಚಿ ಹೆಂಚಿನಿಂದ ಸೀದ ರೊಟ್ಟಿ ತೆಗೆದರು. "ಟಪಾಲ ಪೆಟಗಿ ಕೀಲಿ ಎಲ್ಲೈತಿ?"

ನಾನು ಕಾರಿನ ಕೀಲಿಗಳ ಗೊಂಚಲಿನಿಂದ ಅದನ್ನು ಬಿಡಿಸಲು ಹೋದೆ. ಉಂಗುರ ಬಿಗಿಯಾಗಿತ್ತು, ಉಗುರು ಮುರಿಯಿತು. ಅವರು ಅವಸರ ಮಾಡಲಿಲ್ಲ. ಕೀಲಿ ಕೈಗೆ ಬಂದ ಮೇಲೆ ಸೊಂಟದ ಪಿನ್ನಿಗೆ ಹಾಕಿಕೊಂಡು ಮುಂದಿನ ಹಿಟ್ಟಿನ ಉಂಡೆ ತಗೊಂಡರು.

ಅವತ್ತಿನಿಂದ ಟಪಾಲು ಅವರದು. ದಿನಾ ಸಂಜೆ ನಾಲ್ಕಕ್ಕೆ ಸ್ವೆಟರ್ ಹಾಕಿಕೊಂಡು ಮೂಲೆಯವರೆಗೆ ಹೋಗಿ ತಂದು, ಹೆಸರು ನೋಡಿ ನೋಡಿ ಟೇಬಲ್ಲಿನ ಮೇಲೆ ಮೂರು ಗುಂಪು ಮಾಡಿಡುತ್ತಾರೆ. ರೊಟ್ಟಿ ಮೊದಲಿನ ಹಾಗೇ ಕಟ್ಟಿಕೊಡುತ್ತಾರೆ. ನನ್ನ ತರಗತಿಯ ಮಕ್ಕಳ ಬಗ್ಗೆ ಮೊದಲಿನ ಹಾಗೇ ಕೇಳುತ್ತಾರೆ. ಅಜಯ್ ಕಾರಿಗೆ ಬೇರೆ ಸ್ಟಿಕ್ಕರು ಅಂಟಿಸಲಿಲ್ಲ. ಎಫ್ ಬಗ್ಗೆ ಒಮ್ಮೆ, "ಒಂಬತ್ತ ಓಟು, ನೋಡು," ಅಂದರು. ಅದು ಖುಷಿಯೋ ಭಯವೋ ನನಗೆ ತಿಳಿಯಲಿಲ್ಲ.

ಮಾರ್ಚ್ ಎರಡನೇ ವಾರ ಒಂದು ಸಂಜೆ ನಾನು ಬರುವಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಒಂದೇ ಲಕೋಟೆ, ಮೂಲೆಯಲ್ಲಿ ನಮ್ಮ ಶಾಲಾ ಮಂಡಳಿಯ ಗುರುತು. ಆ ವಾರ ಕೆಲಸದಿಂದ ತೆಗೆಯುವ ಕಾಗದ ಯಾರ್ಯಾರಿಗೆ ಬರುತ್ತದೆ ಅಂತ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಿನ್ನ ಹೆಸರಿಗೆ ಬಂದೈತಿ," ಅಂದರು. "ನಾ ಒಡದಿಲ್ಲ."